ಮನೆವಾರ್ತೆ: ಮಕ್ಕಳ ಖರ್ಚಿನ ಖಾತೆ

ನಮ್ಮ ಅಜ್ಜಿಯಂದಿರ ಕಾಲದ ಮನೆಗಳಲ್ಲಿ ಏಳೆಂಟು ಮಕ್ಕಳಿರುವುದು ಸಾಮಾನ್ಯವಾಗಿತ್ತು. ಒಂದು ಮಗುವಿಗೆ ಎಷ್ಟು ಖರ್ಚಾಗುತ್ತದೆಂದು ಅಂದು ಯಾರೂ ಕೇಳುತ್ತಿರಲಿಲ್ಲ. ಖರ್ಚೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಆ ಖರ್ಚಿಗೆ ಪ್ರತ್ಯೇಕವಾದ ಒಂದು ಹೆಸರಿರಲಿಲ್ಲ, ಅಷ್ಟೆ. ಅಕ್ಕಿ ಗದ್ದೆಯದು, ಎಣ್ಣೆ ಮನೆಯ ತೆಂಗಿನದು, ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಪುಸ್ತಕ ತಂಗಿಗೆ. ತೊಟ್ಟಿಲು ಕುಟುಂಬದೊಳಗೆ ಮನೆಯಿಂದ ಮನೆಗೆ ಸಂಚರಿಸುತ್ತಿತ್ತು. ಇಂದು ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.8 ಮಕ್ಕಳು, ನೆರೆಯ ಕರ್ನಾಟಕದಲ್ಲಿ 1.7. ‘ನಾವಿಬ್ಬರು, ನಮಗಿಬ್ಬರು’ ಎಂದು ಗೋಡೆಗಳ ಮೇಲೆ ಬರೆಸಿದ ಸರಕಾರದ ನಿರೀಕ್ಷೆಯನ್ನೂ ಮೀರಿ ಸಂಸಾರಗಳು ಚಿಕ್ಕವಾಗಿವೆ. ಆದರೂ ಮಕ್ಕಳ ಖರ್ಚು ತಡೆಯಲಾಗುವುದಿಲ್ಲವೆಂಬ ಮಾತು ಮದುವೆಮನೆಯಲ್ಲಿ, ಬಸ್ಸಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಕೇಳಿಬರುತ್ತಿದೆ. ಎರಡನೆಯ ಮಗು ಬೇಕೇ, ಅದನ್ನು ಸಾಕುವ ಶಕ್ತಿ ನಮಗಿದೆಯೇ ಎಂದು ಎಳೆಯ ದಂಪತಿಗಳು ನಮ್ಮನ್ನು ಕೇಳುವುದುಂಟು. ಆದುದರಿಂದ ಈ ತಿಂಗಳ ಮನೆವಾರ್ತೆಯನ್ನು ಈ ಖಾತೆಗೇ ಮೀಸಲಿಟ್ಟಿದ್ದೇವೆ.

ಮೊದಲು ಹೆರಿಗೆಯ ಮಾತು. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ಊಟ ಎಲ್ಲವೂ ಉಚಿತವೆಂಬ ವ್ಯವಸ್ಥೆ 2011ರಿಂದ ಜಾರಿಯಲ್ಲಿದೆ. ಕೇಂದ್ರ ಸರಕಾರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ದೊರೆಯುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಿದರೆ ಅರ್ಜಿಯ ದಾರಿ ತಿಳಿಯುತ್ತದೆ. ಹೀಗಿದ್ದರೂ ನಮ್ಮ ಕಡೆಯವರು ತುಸು ಅನುಕೂಲವಿದ್ದರೆ ಮಂಗಳೂರಿನ ಖಾಸಗಿ ಆಸ್ಪತ್ರೆಗೇ ಹೋಗುತ್ತಾರೆ. ಇದು ಬರಿಯ ಒಣ ಪ್ರತಿಷ್ಠೆಯೆಂದು ನಾವು ಹೇಳಲಾರೆವು. ಉತ್ತರ ಕಾಸರಗೋಡಿನ ಜನರಿಗೆ ದೊಡ್ಡ ಆಸ್ಪತ್ರೆಯೆಂದರೆ ತಲೆಮಾರುಗಳಿಂದ ಮಂಗಳೂರೇ. 2020ರ ಮಾರ್ಚಿಯಲ್ಲಿ ಕೊರೋನದ ನಿಮಿತ್ತ ತಲಪಾಡಿಯ ಗಡಿಯನ್ನು ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳವಾದುದೆಂಬುದು ಎಲ್ಲರಿಗೂ ಗೋಚರವಾಯಿತು. ಚಿಕಿತ್ಸೆಗೆ ದಾಟಲಾಗದೆ ರೋಗಿಗಳು ಪ್ರಾಣ ಬಿಟ್ಟರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿನಾಡಿನ ಸಂಸಾರ ತನ್ನ ಆಸ್ಪತ್ರೆಯ ಖಾತೆಯಲ್ಲಿ ದಾರಿಯ ಖರ್ಚನ್ನೂ ಸೇರಿಸಿಕೊಳ್ಳಲೇಬೇಕು.

ಹೆರಿಗೆಯ ಬೆನ್ನಿಗೇ ಬಾಣಂತನ. ಬಾಣಂತಿಯನ್ನೂ ಕೂಸನ್ನೂ ಎಣ್ಣೆ ಹಚ್ಚಿ ಮೀಯಿಸಲು ಬರುತ್ತಿದ್ದ ಹೆಂಗಸಿಗೆ ಹಿಂದೆ ಅಕ್ಕಿ, ತೆಂಗಿನಕಾಯಿ, ಕಡೆಯ ದಿನ ಒಂದು ಸೀರೆ ಕೊಟ್ಟು ಕಳುಹಿಸುತ್ತಿದ್ದರು. ಇಂದು ಅದಕ್ಕೂ ದಿನಗೂಲಿಯ ದರವಿದೆ. ಇದ್ದರೆ ತಪ್ಪೇನೂ ಇಲ್ಲ. ಅವರ ದುಡಿಮೆಗೆ ಅಂದು ಸಲ್ಲದಿದ್ದುದು ಇಂದು ಸಲ್ಲುತ್ತಿದೆಯೆಂದೇ ನಾವು ತಿಳಿಯುತ್ತೇವೆ.

ಇದಕ್ಕಿಂತ ದೊಡ್ಡದಾದ ಮತ್ತೊಂದು ಬಾಬು ಯಾವ ಮನೆಯ ಪುಸ್ತಕದಲ್ಲಿಯೂ ಕಾಣಸಿಗದು. ಅದು ತಾಯಿಯ ಸಂಪಾದನೆ. ತಿಂಗಳಿಗೆ 15,000 ರೂಪಾಯಿ ತರುತ್ತಿದ್ದ ಒಬ್ಬ ಸೊಸೆ ಮಗುವಿಗಾಗಿ ಐದು ವರ್ಷ ಮನೆಯಲ್ಲಿ ಉಳಿದಳೆಂದು ಇಟ್ಟುಕೊಳ್ಳೋಣ. ಸಂಸಾರಕ್ಕೆ ತಪ್ಪಿದುದು 9 ಲಕ್ಷ ರೂಪಾಯಿ. ಹಾಲಿನ ಪುಡಿಯ ಡಬ್ಬಿಗೆ ಇಷ್ಟಾಯಿತು, ವೈದ್ಯರಿಗೆ ಇಷ್ಟಾಯಿತು ಎಂದು ಲೆಕ್ಕ ಹೇಳುವ ಗಂಡಸರು ಈ 9 ಲಕ್ಷವನ್ನು ಎಣಿಸಿದ್ದನ್ನು ನಾವು ಕಂಡಿಲ್ಲ. ಮಗುವನ್ನು ನೋಡಿಕೊಳ್ಳುವ ಅತ್ತೆಯೋ ತಾಯಿಯೋ ಮನೆಯಲ್ಲಿದ್ದರೆ ಅವರು ಆ ಸಂಸಾರಕ್ಕೆ ಅಷ್ಟು ಹಣ ದುಡಿದುಕೊಟ್ಟಂತೆಯೇ ಸರಿ. 1975ರಲ್ಲಿ ಆರಂಭಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಮೂರು ವರ್ಷ ತುಂಬಿದ ಮಕ್ಕಳನ್ನು ಹಗಲಿನಲ್ಲಿ ಕೆಲವು ಗಂಟೆ ನೋಡಿಕೊಳ್ಳುತ್ತವೆ; ಅದಕ್ಕೆ ಮುಂಚಿನ ಮೂರು ವರ್ಷ ಮನೆಯವರದೇ ಭಾರ. ನಮ್ಮಲ್ಲಿ ಬೀಡಿ ಕಟ್ಟುವ ತಾಯಂದಿರು ಒಂದು ಕಾಲಿನಿಂದ ತೊಟ್ಟಿಲು ತೂಗುತ್ತ ಮೊರವನ್ನು ಮಡಿಲಲ್ಲಿಟ್ಟುಕೊಂಡು ದುಡಿದುದು ಈ ಕಾರಣಕ್ಕೇ. ಅವರ ಮಕ್ಕಳ ಓದಿಗೆ ಕೇಂದ್ರ ಕಾರ್ಮಿಕ ಇಲಾಖೆಯಿಂದ ಸಹಾಯಧನವಿದೆ. ಅರ್ಜಿ ಹಾಕದೆ ಬಿಡುವವರೇ ಬಹಳ.

ಇನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಕಡೆಯ ಕೆಲವು ಮನೆಗಳ ಮಾತು ಬೇರೆಯೇ. 1978ರಿಂದ 2000ದವರೆಗೆ ಗೇರುತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ ಎದ್ದು ನಿಲ್ಲಲಾರದ ಮಗುವನ್ನು ಇಪ್ಪತ್ತು, ಮೂವತ್ತು ವರ್ಷ ಎತ್ತಿ ಮೀಯಿಸಿದ ತಾಯಂದಿರಿದ್ದಾರೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಆಜ್ಞಾಪಿಸಿತು. ಒಬ್ಬ ಆರೋಗ್ಯವಂತ ಮಗುವಿಗಾಗಿ ತಾಯಿ ಐದು ವರ್ಷ ಮನೆಯಲ್ಲಿ ಉಳಿದರೆ ತಪ್ಪುವುದೇ 9 ಲಕ್ಷವೆಂದು ಮೇಲೆ ಕಂಡೆವು. ಮೂವತ್ತು ವರ್ಷ ಉಳಿದವಳ ಪಾಲಿಗೆ ಆ 5 ಲಕ್ಷ ಎಷ್ಟರದೆಂದು ವಾಚಕರೇ ಗುಣಿಸಿ ನೋಡಬಹುದು.

ಅನ್ನ ಬಟ್ಟೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನಾಲ್ವರು ಉಣ್ಣುವ ಮನೆಯಲ್ಲಿ ಐದನೆಯ ಎಲೆ ಹಾಕುವುದರಿಂದ ಯಾರೂ ಬಡವಾದುದಿಲ್ಲ. ಬಾರ್ಸಕ್ಕೆ ಸಭಾಭವನ ಹಿಡಿಯುವುದು, ಹುಟ್ಟುಹಬ್ಬಕ್ಕೆ ಐನೂರು ಜನರಿಗೆ ಊಟ ಹಾಕುವುದು ಮಗುವಿನ ಖರ್ಚಲ್ಲ, ದೊಡ್ಡವರ ಖರ್ಚು. ಅದನ್ನು ಮಗುವಿನ ಹೆಸರಿಗೆ ಬರೆಯುವುದು ಅನ್ಯಾಯ.

ನಿಜವಾದ ಭಾರ ಶಾಲೆಯಿಂದ ತೊಡಗುತ್ತದೆ. ತೋಟದ ಮನೆಗಳಲ್ಲಿ ಅದು ಬಂದೊದಗುವ ಕಾಲವೂ ಕೆಟ್ಟದ್ದೇ. ಜೂನಿನಲ್ಲಿ ಶಾಲೆ ತೆರೆಯುತ್ತದೆ. ಅದೇ ಹೊತ್ತಿಗೆ ಮಳೆ ಹಿಡಿಯುವ ಮೊದಲು ಮಹಾಳಿಗೆ ಕಂಗಿಗೆ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ ಒಂದು ಕಡೆ. ಶಾಲೆಯ ಶುಲ್ಕ, ಪುಸ್ತಕ, ಕೊಡೆ, ಚೀಲ, ವ್ಯಾನಿನ ಮುಂಗಡ ಇನ್ನೊಂದು ಕಡೆ. ಒಳ್ಳೆಯ ಬೆಲೆ ಬರಲೆಂದು ಅಟ್ಟದಲ್ಲಿಟ್ಟಿದ್ದ ಚಾಲಿ ಅಡಿಕೆ ಆ ವಾರದಲ್ಲಿ ಸಿಕ್ಕಿದ ಬೆಲೆಗೆ ಇಳಿಯುತ್ತದೆ. ಹೀಗೆ ಅವಸರದಲ್ಲಿ ಮಾರಿ ಕಳೆದುಕೊಂಡ ಹಣವೂ ವಿದ್ಯಾಭ್ಯಾಸದ ವೆಚ್ಚವೇ. ಜನವರಿಯಿಂದಲೇ ತಿಂಗಳಿಗಿಷ್ಟೆಂದು ಅಂಚೆ ಕಚೇರಿಯಲ್ಲೋ ಸೇವಾ ಸಹಕಾರಿ ಬ್ಯಾಂಕಿನಲ್ಲೋ ತೆಗೆದಿಡುವ ಗೃಹಿಣಿಯರು ಈ ಇಕ್ಕಟ್ಟಿನಿಂದ ಪಾರಾಗುತ್ತಾರೆ.

ಈ ಶುಲ್ಕವಾದರೂ ಯಾವ ಶಾಲೆಯದು? ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕನ್ನಡ ಮಾಧ್ಯಮದ ಸರಕಾರಿ ಅಥವಾ ಅನುದಾನಿತ ಶಾಲೆ ನಮ್ಮ ಹೆಚ್ಚಿನ ಗ್ರಾಮಗಳಲ್ಲಿ ಇನ್ನೂ ಇದೆ. ಅಲ್ಲಿ ಬೋಧನಾ ಶುಲ್ಕವಿಲ್ಲ. ಎಂಟನೆಯ ತರಗತಿಯವರೆಗೆ ಪಠ್ಯಪುಸ್ತಕವೂ ಮಧ್ಯಾಹ್ನದ ಊಟವೂ ಉಚಿತ. ಈ ಶಾಲೆಗಳು ಆಕಾಶದಿಂದ ಉದುರಿದುವಲ್ಲ. ಎಷ್ಟೋ ಕಡೆ ಊರಿನ ಹಿರಿಯರು ತಮ್ಮ ಗುಡ್ಡೆಯ ಜಾಗ ಬಿಟ್ಟುಕೊಟ್ಟು, ಮುಳಿಹುಲ್ಲಿನ ಮಾಡು ಹೊದಿಸಿ ಕಟ್ಟಿದುವು. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆಯೂ ಅವು ಕನ್ನಡದಲ್ಲಿಯೇ ನಡೆದುವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವಿರಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದುದೂ ಅದೇ 1956ರಲ್ಲಿ. ಈ ಸೌಕರ್ಯದ ಬೆಲೆ ಎಷ್ಟೆಂದು ನಾವು ಹಣದಲ್ಲಿ ಎಣಿಸಿದವರಲ್ಲ. ಒಮ್ಮೆ ಎಣಿಸಿ ನೋಡೋಣ.

ಖಾಸಗಿ ಆಂಗ್ಲ ಮಾಧ್ಯಮ ಶಾಲೆಯ ಶುಲ್ಕ, ವ್ಯಾನು, ಸಮವಸ್ತ್ರ, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಕೆಲವು ಕಡೆ ಕಡಿಮೆ, ಕೆಲವು ಕಡೆ ಇದಕ್ಕಿಂತ ಬಹಳ ಹೆಚ್ಚು. ಹತ್ತು ವರ್ಷಕ್ಕೆ 4 ಲಕ್ಷ. ಅದೇ 40,000ವನ್ನು ವರ್ಷದ ಕೊನೆಗೊಮ್ಮೆ ಶೇಕಡಾ 7ರ ಬಡ್ಡಿಯಲ್ಲಿ ಕೂಡಿಡುತ್ತ ಬಂದರೆ, ಮಗು ಹತ್ತನೆಯ ತರಗತಿ ಮುಗಿಸುವಾಗ ಕೈಯಲ್ಲಿರುವುದು ಸುಮಾರು 5 ಲಕ್ಷ 52 ಸಾವಿರ. ಹಾಗೆ ಕೂಡಿಡದೆ, ಮುಂದೆ ಕಾಲೇಜಿಗೆಂದು 5.5 ಲಕ್ಷ ರೂಪಾಯಿ ಸಾಲ ತೆಗೆದರೆ? ಶೇಕಡಾ 10ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 9,130 ರೂಪಾಯಿ. ಒಟ್ಟು ತೀರಿಸುವುದು 7 ಲಕ್ಷ 67 ಸಾವಿರ. ಓದುವ ವರ್ಷಗಳಲ್ಲಿ ಬೆಳೆಯುವ ಬಡ್ಡಿ ಇದರ ಮೇಲೆ. ನೆರೆಯಲ್ಲೇ ಉಚಿತ ಶಾಲೆಯಿರುವ ಎಳೆಯ ಪ್ರಾಯದಲ್ಲಿ ಹಣವನ್ನು ಮುಗಿಸಿ, ಉಚಿತವಾದುದೇನೂ ಇಲ್ಲದ ಪ್ರಾಯ ಬಂದಾಗ ಸಾಲಕ್ಕೆ ಕೈಯೊಡ್ಡುವುದು ನಮ್ಮ ಮಧ್ಯಮ ವರ್ಗದ ಮನೆಗಳ ವಿಚಿತ್ರವಾದ ರೂಢಿಯಾಗಿಬಿಟ್ಟಿದೆ.

ಇದಕ್ಕೆ ಬರುವ ಆಕ್ಷೇಪಣೆ ನಮಗೆ ತಿಳಿಯದುದಲ್ಲ. ಹೈಯರ್ ಸೆಕೆಂಡರಿಗೆ ಕಾಲಿಟ್ಟೊಡನೆ ವಿಜ್ಞಾನ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಮೊದಲ ಆರು ತಿಂಗಳು ತತ್ತರಿಸುವುದು ನಿಜ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದ ಪ್ರಸಂಗಗಳೂ ನಮ್ಮ ಜಿಲ್ಲೆಯಲ್ಲಿ ನಡೆದಿವೆ. ಅಂಥ ಶಾಲೆಯಿಂದ ಮಗುವನ್ನು ಬಿಡಿಸಿಕೊಂಡ ತಂದೆಯನ್ನು ಭಾಷಾದ್ರೋಹಿಯೆಂದು ಕರೆಯಲು ನಾವು ಸಿದ್ಧರಿಲ್ಲ. ಆದರೆ ಇಂಗ್ಲಿಷು ಬೇಕಾದುದಕ್ಕೆ ಹತ್ತು ವರ್ಷದ ಶುಲ್ಕವೇ ಬೇಕೇ? ಉಳಿಯುವ 40,000ದಲ್ಲಿ ಒಂದು ಸಣ್ಣ ಅಂಶವನ್ನು ಒಳ್ಳೆಯ ಇಂಗ್ಲಿಷು ಪಾಠಕ್ಕೆಂದು ಕೊಟ್ಟರೂ ಮಿಕ್ಕುದು ಮಿಕ್ಕೀತು.

ಮತ್ತೊಂದು ವಿಷಯವನ್ನು ಹೇಳದೆ ಬಿಡುವಂತಿಲ್ಲ. ಕೇರಳದ ಶಾಲೆಗಳಲ್ಲಿ ಜೂನಿನ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಆ ವರ್ಷಕ್ಕೆ ಎಷ್ಟು ಅಧ್ಯಾಪಕರೆಂದು ನಿರ್ಣಯಿಸುತ್ತಾರೆ. ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ ಬೀಳಬಹುದು; ಅದರೊಡನೆ ಒಬ್ಬ ಅಧ್ಯಾಪಕರ ಹುದ್ದೆಯೂ. ಡಿವಿಷನ್ ಬಿದ್ದ ಶಾಲೆಗೆ ಮರುವರ್ಷ ಇನ್ನಷ್ಟು ಮಂದಿ ಬೆನ್ನು ತಿರುಗಿಸುತ್ತಾರೆ. ಶುಲ್ಕ ತೆರಬಲ್ಲ ಹತ್ತು ಮನೆಯವರು ಬಿಟ್ಟುಹೋದ ಆ ಶಾಲೆ ಒಂದು ದಿನ ಮುಚ್ಚಿದರೆ, ತೆರಲಾರದ ಹನ್ನೊಂದನೆಯ ಮನೆಯ ಕೂಲಿಗಾರನೂ ತನ್ನ ಮಗುವಿನ ವ್ಯಾನಿಗೆ ಹಣ ಹೊಂದಿಸಬೇಕಾಗುತ್ತದೆ. ನಮ್ಮ ಮನೆಯ ಆಯ್ಕೆ ಅವನ ಮನೆಯ ಖರ್ಚಾಗುವುದು ಹೀಗೆ.

ಹೈಯರ್ ಸೆಕೆಂಡರಿಯ ಬಳಿಕ ಗಡಿನಾಡಿನ ಮಗು ಎರಡು ಸಾಲುಗಳಲ್ಲಿ ನಿಲ್ಲಬಹುದು. ಕೇರಳದ ಪ್ರವೇಶ ಪರೀಕ್ಷೆಗಂತೂ ಹಕ್ಕಿದೆ, ಕರ್ನಾಟಕದ ಸಿ.ಇ.ಟಿ. ನಿಯಮಗಳಲ್ಲಿಯೂ ಕಾಸರಗೋಡು ಪ್ರದೇಶದ ಗಡಿನಾಡು ಕನ್ನಡಿಗರ ಅರ್ಹತೆಗೆ ಪ್ರತ್ಯೇಕ ಅವಕಾಶವಿದೆ. ಸರಕಾರಿ ಸೀಟು ದೊರೆತರೆ ಖಾಸಗಿ ಆಡಳಿತ ಕೋಟಾದ ಲಕ್ಷಗಟ್ಟಲೆ ಹಣ ಉಳಿಯುತ್ತದೆ. ಆದರೆ ಮಾತೃಭಾಷೆ, ವಾಸಸ್ಥಳ, ಓದಿದ ಶಾಲೆ ಇವುಗಳ ಪ್ರಮಾಣಪತ್ರಗಳನ್ನು ಕೊನೆಯ ವಾರದಲ್ಲಿ ಹುಡುಕಲು ಹೊರಟು ಅವಕಾಶ ಕಳೆದುಕೊಂಡವರಿದ್ದಾರೆ. ಸಾಲ ಬೇಕೇ ಬೇಕೆಂದಾದರೆ, 7.5 ಲಕ್ಷದವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಸಾಮಾನ್ಯವಾಗಿ ತೋಟವನ್ನು ಅಡವಿಡಬೇಕಾಗಿಲ್ಲ ಎಂಬುದನ್ನು ನೆನಪಿಡಿ. ಓದು ಮುಗಿಯುವವರೆಗೆ ಕಂತು ಇರುವುದಿಲ್ಲ, ಬಡ್ಡಿಯಿರುತ್ತದೆ. ಆ ಬಡ್ಡಿಯನ್ನು ಆಗಾಗ ಕಟ್ಟುತ್ತ ಬರುವ ತಂದೆತಾಯಂದಿರು ಮಗುವಿನ ಮೊದಲ ಸಂಬಳಕ್ಕೆ ಉಪಕಾರ ಮಾಡುತ್ತಾರೆ.

ಹೆಣ್ಣುಮಗುವಿನ ಖಾತೆಯಲ್ಲಿ ಬಂಗಾರವನ್ನು ಮೊದಲು ಬರೆದು, ಓದನ್ನು ಮಿಕ್ಕ ಹಣಕ್ಕೆ ಬಿಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ವರದಕ್ಷಿಣೆಯನ್ನು ನಿಷೇಧಿಸಿದ ಕಾನೂನು 1961ರದು. ಪವನಿನ ಲೆಕ್ಕ ಕೇಳುವ ವಾಡಿಕೆ ಅದಕ್ಕೆ ಜಗ್ಗಿಲ್ಲ. 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನು ಹತ್ತು ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಿ ತೆರೆಯಬಹುದು. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಹದಿನೈದು ವರ್ಷ ಕಟ್ಟಿದರೆ ಸಾಕು. ಹದಿನೆಂಟು ತುಂಬಿದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು. ಮದುವೆಗೆಂದು ಇಟ್ಟ ಹಣ ಹುಡುಗಿಯ ಓದಿಗೆ ಸಂದರೆ ನಷ್ಟವಾಯಿತೆಂದು ಭಾವಿಸುವ ಅಜ್ಜಂದಿರಿಗೆ, ಮೇಲೆ ಬರೆದ 9 ಲಕ್ಷದ ಲೆಕ್ಕವನ್ನು ಮತ್ತೊಮ್ಮೆ ಓದಿಕೊಳ್ಳುವಂತೆ ವಿನಂತಿ.

ಇನ್ನು ಎರಡನೆಯ ಮಗುವಿನ ಪ್ರಶ್ನೆ. ಎರಡನೆಯದರ ಖರ್ಚು ಮೊದಲಿನದರಷ್ಟೇ ಆಗಬೇಕೆಂದಿಲ್ಲ. ತೊಟ್ಟಿಲು ಇದೆ, ಬಟ್ಟೆಯಿದೆ, ತಾಯಿಗೆ ಅನುಭವವಿದೆ. ಅಂತರ ಮೂರು ವರ್ಷವಾದರೆ ಎರಡರ ಆರೈಕೆಯೂ ಒಟ್ಟೊಟ್ಟಿಗೆ ಸಾಗುತ್ತದೆ. ಶುಲ್ಕದ ಶಾಲೆಯೊಂದೇ ಯಾವ ರಿಯಾಯಿತಿಯನ್ನೂ ಬಲ್ಲುದಲ್ಲ. ಅಲ್ಲಿ ಇಬ್ಬರಿಗೆ ಇಮ್ಮಡಿ. ಮೊದಲ ಮಗುವನ್ನು ಎಲ್ಲಿ ಓದಿಸುವಿರಿ, ಮನೆಯಲ್ಲಿ ಕೂಸನ್ನು ನೋಡುವವರು ಯಾರು, ಅತ್ತೆಯವರ ಮಂಡಿನೋವು ಎಷ್ಟಿದೆ ಎಂಬುದನ್ನೆಲ್ಲ ದಂಪತಿಗಳು ಕುಳಿತು ಮಾತಾಡಿದರೆ ಉತ್ತರ ಅವರಿಗೇ ಹೊಳೆಯುತ್ತದೆ. ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಬೇಡವೆನ್ನುವವರು, ಆ ಹಣ ಹೋಗುತ್ತಿರುವುದು ಯಾವ ಬಾಬಿಗೆ ಎಂಬುದನ್ನು ಒಂದು ವರ್ಷದ ಮಟ್ಟಿಗಾದರೂ ಬರೆದಿಟ್ಟು ನೋಡಲಿ. ಬರೆಯುವಾಗ ಗಂಡಹೆಂಡಿರಿಬ್ಬರ ಅಕ್ಷರವೂ ಆ ಪುಸ್ತಕದಲ್ಲಿರಲಿ.

ಗಡಿನಾಡು ಕನ್ನಡಿಗರಿಗೆ ಬೇಕಾಗುವ ಪ್ರಮಾಣಪತ್ರಗಳನ್ನು ಎಲ್ಲಿಂದ, ಯಾವ ಕ್ರಮದಲ್ಲಿ ಪಡೆಯಬೇಕೆಂಬುದನ್ನು ಬರುವ ಸಂಚಿಕೆಯಲ್ಲಿ ಬರೆಯುತ್ತೇವೆ. ಹಿಂದಿನ ವರ್ಷ ಮಕ್ಕಳನ್ನು ಸೇರಿಸಿದ ವಾಚಕರು ತಮಗಾದ ತೊಡಕುಗಳನ್ನು ತಿಂಗಳ ಕೊನೆಯೊಳಗೆ ನಮಗೆ ಬರೆದು ತಿಳಿಸಿದರೆ ಅದರಲ್ಲಿ ಸೇರಿಸಲು ಅನುಕೂಲವಾದೀತು.