ಕನ್ನಡದ ಮೇಲೆ ಮೆಮೊರಿಯ ಆರೋಪ

‘ಕನ್ನಡ ತಂತ್ರಾಂಶ ಗಣಕಯಂತ್ರದ ಮೆಮೊರಿಯನ್ನೆಲ್ಲ ತಿಂದುಹಾಕುತ್ತದೆ, ತೆಗೆಸಿಬಿಡಿ’ ಎಂಬ ಉಪದೇಶ ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ರಿಪೇರಿ ಅಂಗಡಿಗಳಲ್ಲಿ ನನ್ನ ಕಿವಿಗೆ ಬಿದ್ದಿದೆ. ಆಧಾರ ಕೇಳಿದರೆ ಟಾಸ್ಕ್ ಮ್ಯಾನೇಜರಿನಲ್ಲಿ ಒಂದು ಅಂಕಿ ತೋರಿಸುತ್ತಾರೆ. ಆ ಅಂಕಿ ಅಳೆದದ್ದು ಏನನ್ನು ಎಂದರೆ ಉತ್ತರವಿಲ್ಲ. ಗಣಿತ ಕಲಿಸಿದವನಿಗೆ ಇದು ಸಹಿಸಲಾಗದ ಸಂಗತಿ.

ಓಡುತ್ತಿರುವ ತಂತ್ರಾಂಶದ ಮೆಮೊರಿಯಲ್ಲಿ ಅದಕ್ಕೇ ಸೇರಿದ ಭಾಗವೊಂದು, ಇತರ ತಂತ್ರಾಂಶಗಳೊಡನೆ ಹಂಚಿಕೊಂಡ ಭಾಗ ಇನ್ನೊಂದು. ಕಿಟಕಿ ಬಿಡಿಸುವ, ಅಕ್ಷರ ಮೂಡಿಸುವ ಸಾಮಾನ್ಯ ಸಲಕರಣೆಗಳು ಮೆಮೊರಿಯಲ್ಲಿ ಒಂದೇ ಪ್ರತಿಯಾಗಿದ್ದು ಎಲ್ಲರಿಗೂ ಒದಗುತ್ತವೆ. 2001ರ ವಿಂಡೋಸ್ ಎಕ್ಸ್‌ಪಿಯ ‘ಮೆಮ್ ಯೂಸೇಜ್’ ಅಂಕಣ ಈ ಹಂಚಿಕೆಯ ಭಾಗವನ್ನೂ ಪ್ರತಿಯೊಂದರ ಹೆಸರಿನಲ್ಲಿ ಇಡಿಯಾಗಿ ಬರೆಯುತ್ತಿತ್ತು. ಬಾದಾಮಿಯ ಅಗಸ್ತ್ಯತೀರ್ಥದ ನೀರನ್ನು ದಂಡೆಯ ಒಂದೊಂದು ಮನೆಯ ಲೆಕ್ಕಕ್ಕೂ ಪೂರ್ತಿ ಬರೆದು ಕೂಡಿಸಿದರೆ ಮಲಪ್ರಭೆಯೇ ನಾಚಬೇಕಾದೀತು! 2007ರಲ್ಲಿ ಬಂದ ವಿಸ್ತಾದಲ್ಲಿ ಸ್ವಂತ ಭಾಗವನ್ನಷ್ಟೇ ತೋರಿಸುವ ಅಂಕಣ ಮುಂದೆ ಬಂತು. ಆದರೂ ಹಳೆಯ ಅಂಕಿ ಹುಟ್ಟಿಸಿದ ಅಪವಾದ ಅಳಿಯಲಿಲ್ಲ.

ಎಕ್ಸ್‌ಪಿಯಲ್ಲಿ ಇನ್ನೊಂದು ತಮಾಷೆಯಿತ್ತು. ಕಿಟಕಿಯನ್ನು ಮಿನಿಮೈಸ್ ಮಾಡಿದೊಡನೆ ಅಂಕಿ ಸರ್ರನೆ ಇಳಿಯುತ್ತಿತ್ತು. ತಂತ್ರಾಂಶ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ವಿಂಡೋಸ್ ಅದರ ಪುಟಗಳನ್ನು ಪಕ್ಕಕ್ಕೆ ಸರಿಸಿತ್ತು, ಅಷ್ಟೆ. ಇದೇ ಕೈಚಳಕವನ್ನು ಬಂಡವಾಳ ಮಾಡಿಕೊಂಡು ‘ಮೆಮೊರಿ ಶುಚಿಗೊಳಿಸುವ’ ತಂತ್ರಾಂಶಗಳನ್ನು ಮಾರಿದರು.

ನ್ಯಾಯವಾದ ಲೆಕ್ಕ ಇಲ್ಲವೆಂದಲ್ಲ. ಲಿನಕ್ಸ್ 2008ರಿಂದ ಪಿಎಸ್‌ಎಸ್ ಎಂಬ ಅಳತೆ ಕೊಡುತ್ತಿದೆ. 12 ಎಂಬಿಯನ್ನು ನಾಲ್ಕು ತಂತ್ರಾಂಶಗಳು ಹಂಚಿಕೊಂಡಿದ್ದರೆ ಒಂದೊಂದರ ಪಾಲಿಗೆ 3 ಎಂಬಿ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ. ಕೂಡಿಸಿದರೆ ಮೊತ್ತ ಸರಿಹೋಗುತ್ತದೆ.

ಕನ್ನಡ ಭಾರವೆಂಬ ಮಾತಿನಲ್ಲಿ ಒಂದಂಶ ಸತ್ಯವಿದೆ, ಒಪ್ಪೋಣ. ಯೂನಿಕೋಡಿನಲ್ಲಿ ‘ಬಾಗಲಕೋಟೆ’ಗೆ, ಸ್ವರಚಿಹ್ನೆಗಳೂ ಸೇರಿ, 8 ಸಂಕೇತಗಳು, ಯುಟಿಎಫ್-8 ಕ್ರಮದಲ್ಲಿ ಒಂದಕ್ಕೆ 3ರಂತೆ 24 ಬೈಟು. ಇಂಗ್ಲಿಷಿನ ಎಂಟಕ್ಷರಕ್ಕೆ 8 ಸಾಕು. ಆದರೆ ಹತ್ತು ಲಕ್ಷ ಸಂಕೇತಗಳ ಕನ್ನಡ ಪಠ್ಯವೂ ಸುಮಾರು 3 ಎಂಬಿ. 4 ಜಿಬಿ ಮೆಮೊರಿಯಲ್ಲಿ ಇದು ಸಾವಿರದಲ್ಲೊಂದು ಪಾಲೂ ಅಲ್ಲ. 12 ಮೆಗಾಪಿಕ್ಸೆಲ್ಲಿನ ಒಂದು ಮದುವೆಯ ಫೋಟೋ ತೆರೆದರೆ ಬಿಂದುವಿಗೆ 4 ಬೈಟಿನಂತೆ 48 ಎಂಬಿ ಬೇಕು. ಫೋಟೋ ತೆಗೆಸಿಬಿಡಿ ಎಂದು ಯಾವ ಅಂಗಡಿಯವನೂ ಹೇಳಿದ್ದು ನಾನು ಕೇಳಿಲ್ಲ.

ಶಾಲೆ, ಕಚೇರಿಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ಇನ್ನು ಯಾರಾದರೂ ನಿಮ್ಮ ಯಂತ್ರದಿಂದ ಕನ್ನಡವನ್ನು ತೆಗೆಯಲು ಬಂದರೆ, ಟಾಸ್ಕ್ ಮ್ಯಾನೇಜರಿನ ವಿವರಗಳಲ್ಲಿ ‘ಕಮಿಟ್ ಸೈಜ್’ ಅಂಕಣ ತೆರೆಯಿಸಿ, ಕನ್ನಡ ತಂತ್ರಾಂಶದ ಸಾಲನ್ನೂ ಬ್ರೌಸರಿನ ಸಾಲುಗಳನ್ನೂ ಅವರಿಂದಲೇ ಗಟ್ಟಿಯಾಗಿ ಓದಿಸಿರಿ.