ಓದಿ ಮುಗಿಸಿದ ಮೇಲೆ

ಬೆಂಗಳೂರಿನ ಹಳೆಯ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಒಂದು ಕಾಲಕ್ಕೆ ಕಾದಂಬರಿಗಳನ್ನು ಎರವಲು ತಂದು ಓದುವ ರೂಢಿ ಬಲವಾಗಿತ್ತು. ದಿನಕ್ಕೆ ಇಷ್ಟು ಪೈಸೆ ಎಂದು ಬಾಡಿಗೆ ಪಡೆದು ಪುಸ್ತಕ ಕೊಡುವ ಸಣ್ಣ ಸಣ್ಣ ಗ್ರಂಥಾಲಯಗಳು ಅಲ್ಲಿನ ಬೀದಿಗಳಲ್ಲಿದ್ದವು. ಒಂದೇ ಕೋಣೆಯ ಅಂಗಡಿ. ಗೋಡೆಯ ಉದ್ದಕ್ಕೂ ಹಲಗೆಗಳು. ಹಲಗೆಗಳ ಮೇಲೆ ಕಂದು ಕಾಗದದ ಹೊದಿಕೆ ತೊಟ್ಟು, ಬೆನ್ನಿನ ಮೇಲೆ ಶಾಯಿಯಲ್ಲಿ ಸಂಖ್ಯೆ ಬರೆಸಿಕೊಂಡು ನಿಂತ ಪುಸ್ತಕಗಳು. ಮಗ ತಂದದ್ದನ್ನು ತಾಯಿ ಓದುತ್ತಿದ್ದಳು, ತಾಯಿ ಇಟ್ಟದ್ದನ್ನು ಅತ್ತೆ ಎತ್ತಿಕೊಳ್ಳುತ್ತಿದ್ದಳು, ಪಕ್ಕದ ಮನೆಯವರು ಕಾದು ನಿಂತಿರುತ್ತಿದ್ದರು. ಬಾಡಿಗೆ ಏರುತ್ತದೆಂಬ ಭಯದಿಂದ ಎಲ್ಲರೂ ಓಡೋಡುತ್ತಲೇ ಓದುತ್ತಿದ್ದರು. ಪುಸ್ತಕ ಕೈಯಿಂದ ಕೈಗೆ ಹೋಗುವಾಗ 'ಹೇಗಿದೆ?' ಎಂಬ ಪ್ರಶ್ನೆಯೂ, 'ಚೆನ್ನಾಗಿದೆ' ಎಂಬ ಉತ್ತರವೂ ಅದರ ಜೊತೆಗೆ ಹೋಗುತ್ತಿದ್ದವು.

ಆ ಗ್ರಂಥಾಲಯಗಳಲ್ಲಿ ಬಹುಪಾಲು ಈಗ ಮುಚ್ಚಿಹೋಗಿವೆ. 'ಚೆನ್ನಾಗಿದೆ' ಎಂಬ ಉತ್ತರ ಮಾತ್ರ ಉಳಿದುಕೊಂಡಿದೆ. ಊಟ ಬಡಿಸಿದವರಿಗೆ ಹೇಳಲು ಅದು ತಕ್ಕ ಮಾತು. ಮುನ್ನೂರು ನಾನೂರು ಪುಟಗಳ ಕಾದಂಬರಿಯನ್ನು ಓದಿ ಮುಗಿಸಿದವನು ಅಷ್ಟನ್ನೇ ಹೇಳಿ ಸುಮ್ಮನಾದರೆ ಆ ಪುಸ್ತಕಕ್ಕೂ ಅವನಿಗೂ ನಡುವೆ ಏನು ನಡೆಯಿತೆಂಬುದು ಅವನಿಗೇ ತಿಳಿದಿಲ್ಲವೆಂದು ಅರ್ಥ. ಕಾದಂಬರಿಯ ಕೊನೆಯ ಪುಟ ಲೇಖಕನ ಕೆಲಸದ ಕೊನೆ. ಓದುಗನ ಕೆಲಸ ಅಲ್ಲಿಂದ ಮುಂದೆಯೂ ಇದೆ.

ಈ ಬಡಾವಣೆಗಳಲ್ಲಿ ಓದುಗನ ನಾಲಗೆ ಕಟ್ಟಿದ ಇನ್ನೊಂದು ಕಾರಣವೂ ಇತ್ತು. ಇಲ್ಲಿ ಸಾಹಿತಿಗಳು ದೂರದವರಾಗಿರಲಿಲ್ಲ. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ನೆಲೆ ನಿಂತಿರುವುದು ಚಾಮರಾಜಪೇಟೆಯಲ್ಲಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಸವನಗುಡಿಗೆ ಹೊಂದಿಕೊಂಡ ಗವೀಪುರದಲ್ಲಿ ವಾಸವಾಗಿದ್ದರು. ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು ಸಾವಿರಾರು ಮನೆಗಳಿಗೆ ಕನ್ನಡದ ಓದನ್ನು ಮುಟ್ಟಿಸಿದ ಅ. ನ. ಕೃಷ್ಣರಾಯರು ವಿಶ್ವೇಶ್ವರಪುರದಲ್ಲಿದ್ದರು. ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಎದುರಾಗುವ ಹಿರಿಯರ ಪುಸ್ತಕವನ್ನು ಕುರಿತು ಸಂಜೆ ಒಂದು ಅಸಮ್ಮತಿಯ ಮಾತನಾಡುವುದು ಸುಲಭವಲ್ಲ. ಗೌರವ ಒಳ್ಳೆಯದೇ. ಆದರೆ ಲೇಖಕನಿಗೆ ನಮಸ್ಕಾರ ಮಾಡುವುದು ಬೇರೆ, ಅವನ ಪುಸ್ತಕವನ್ನು ಓದುವುದು ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದಂತೆ ಭಾವಿಸಿದವರು ಬಹಳ ಮಂದಿ.

ಬಸವನಗುಡಿಯ ಒಬ್ಬ ಓದುಗನನ್ನು ಕಲ್ಪಿಸಿಕೊಳ್ಳಬಹುದು. ಅವನು ಪಂಡಿತನಲ್ಲ, ವಿಮರ್ಶೆಯ ಪರಿಭಾಷೆ ಅವನಿಗೆ ಬಾರದು. ಕೆಲವು ತಿಂಗಳುಗಳಲ್ಲಿ ಅವನು ಮೂರು ನಾಲ್ಕು ಹಳೆಯ ಕಾದಂಬರಿಗಳನ್ನು ಓದಿ ಮುಗಿಸಿದ್ದಾನೆ. ಅವನು ಪ್ರಾಮಾಣಿಕನಾದರೆ ಅವನ ಮನಸ್ಸಿನಲ್ಲಿ ಏನೇನು ಉಳಿದಿರಬೇಕು?

ಮೊದಲನೆಯದು ಮಾಸ್ತಿಯವರ 'ಚಿಕವೀರ ರಾಜೇಂದ್ರ'. 1956ರಲ್ಲಿ ಪ್ರಕಟವಾದ ಈ ಕೃತಿಯ ಕರ್ತೃವಿಗೆ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ಕೊಡಗಿನ ಕೊನೆಯ ಅರಸನ ಪತನವೇ ಇದರ ವಸ್ತು. 1820ರಲ್ಲಿ ಪಟ್ಟಕ್ಕೆ ಬಂದ ಚಿಕವೀರರಾಜನನ್ನು 1834ರಲ್ಲಿ ಇಂಗ್ಲಿಷರ ಕಂಪನಿ ಸರ್ಕಾರ ಪದಚ್ಯುತಗೊಳಿಸಿ, ರಾಜ್ಯವನ್ನು ತನ್ನದಾಗಿ ಮಾಡಿಕೊಂಡಿತು. ಕಥೆಯ ಕೊನೆ ಓದುಗನಿಗೆ ಮೊದಲೇ ಗೊತ್ತು. ಆದರೂ ಪುಸ್ತಕವನ್ನು ಕೆಳಗಿಡಲಾಗುವುದಿಲ್ಲ. ಏಕೆಂದರೆ ರಾಜ್ಯ ಹೋಯಿತೇ ಉಳಿಯಿತೇ ಎಂಬುದಕ್ಕಿಂತ ಅದು ಹೇಗೆ ಹೋಯಿತೆಂಬುದರ ಮೇಲೆ ಮಾಸ್ತಿಯವರ ಕಣ್ಣಿದೆ. ಮೈಸೂರು ಸಂಸ್ಥಾನದಲ್ಲಿ ದೀರ್ಘಕಾಲ ಅಧಿಕಾರಿಯಾಗಿದ್ದ ಅವರಿಗೆ ಆಡಳಿತದ ಒಳಹೊರಗು ತಿಳಿದಿತ್ತು. ಒಂದು ಸರ್ಕಾರ ಒಂದೇ ದಿನದಲ್ಲಿ ಬೀಳುವುದಿಲ್ಲ. ಒಳ್ಳೆಯ ಮಂತ್ರಿ ಹೇಳಬೇಕಾದ ಮಾತನ್ನು ನುಂಗಿಕೊಂಡ ದಿನ ಸ್ವಲ್ಪ, ಅರಸನ ಮೆಚ್ಚಿನವನೊಬ್ಬ ಎಲ್ಲರ ತಲೆಯ ಮೇಲೆ ಏರಿದ ದಿನ ಸ್ವಲ್ಪ, ಹೀಗೆ ಕುಸಿಯುತ್ತದೆ. ಕುಂಟ ಬಸವನಂಥವನು ಬಲಶಾಲಿಯಾದದ್ದು ಸ್ವಂತ ಬಲದಿಂದಲ್ಲ, ಅರಸನ ದೌರ್ಬಲ್ಯದಿಂದ. ಕನ್ನಡದ ಚಾರಿತ್ರಿಕ ಕಾದಂಬರಿಗಳಲ್ಲಿ ಯುದ್ಧ ವರ್ಣನೆಗಳಿಗೆ ಕೊರತೆಯಿಲ್ಲ. ಕಚೇರಿಯ ಮೌನವನ್ನು ಇಷ್ಟು ಚೆನ್ನಾಗಿ ವರ್ಣಿಸಿದ ಕೃತಿ ಮಾತ್ರ ಅಪರೂಪ.

ಇಲ್ಲಿಯವರೆಗೆ ಓದುಗ ಮೆಚ್ಚಿದ. ಅವನಿಗೆ ತೊಡಕಾಗುವುದು ಮುಂದೆ. ಅರಸ ಕ್ರೂರಿ, ವ್ಯಸನಿ, ಒಡಹುಟ್ಟಿದವಳನ್ನೇ ಸೆರೆಯಲ್ಲಿಟ್ಟವನು. ಅಂಥವನ ಕೊನೆಯನ್ನು ಓದುವಾಗ ಸಂತೋಷವಾಗಬೇಕು. ಆಗುವುದಿಲ್ಲ. ರಾಣಿ ಗೌರಮ್ಮಾಜಿಯ ಘನತೆ, ಎಳೆಯ ಮಗಳ ಭವಿಷ್ಯ ಇವು ಅಡ್ಡ ಬರುತ್ತವೆ. ಅರಸನ ಮೇಲೂ ಮರುಕ ಹುಟ್ಟುತ್ತದೆ. ದುಷ್ಟನ ಬಗ್ಗೆ ಮರುಕಪಡುವುದು ಸರಿಯೆ? ಅವನಿಂದ ನೊಂದವರಿಗೆ ಅದು ಅನ್ಯಾಯವಲ್ಲವೆ? ಈ ಕಸಿವಿಸಿಯನ್ನು ಒರಸಿಹಾಕಿ 'ಚೆನ್ನಾಗಿದೆ' ಎನ್ನುವ ಓದುಗ ಪುಸ್ತಕದ ಉತ್ತಮಾಂಶವನ್ನೇ ಕಳೆದುಕೊಳ್ಳುತ್ತಾನೆ. ಮರುಕವೆಂದರೆ ಕ್ಷಮೆಯಲ್ಲ. ನ್ಯಾಯಾಧೀಶನು ತಪ್ಪಿತಸ್ಥನಿಗೆ ಶಿಕ್ಷೆ ವಿಧಿಸುತ್ತಲೇ ಅವನ ಮುಖವನ್ನು ನೋಡಬಲ್ಲನು. ಕಾದಂಬರಿ ಕಲಿಸುವುದು ಈ ನೋಟವನ್ನು.

ಮಂತ್ರಿ ಬೋಪಣ್ಣನ ವಿಷಯ ಇನ್ನೂ ಕಠಿನವಾದುದು. ನಾಡಿನ ಹಿತಕ್ಕಾಗಿ ಅರಸನನ್ನು ಬಿಡಬಹುದು. ಆದರೆ ಅರಸನನ್ನು ಬಿಟ್ಟು ಪರದೇಶದವರ ಕೈ ಹಿಡಿಯಬಹುದೆ? ಬೋಪಣ್ಣನನ್ನು ಕಾದಂಬರಿ ನೀಚನನ್ನಾಗಿ ಚಿತ್ರಿಸುವುದಿಲ್ಲ. ಅವನ ಸಂಕಟವನ್ನು ಅರ್ಥಮಾಡಿಕೊಂಡು ಬರೆಯುತ್ತದೆ. ಓದುಗನಿಗೆ ಇಲ್ಲಿ ಚರಿತ್ರೆಯ ನೆರವು ಬೇಕಾಗುತ್ತದೆ. 1834ರಲ್ಲಿ ಕಂಪನಿಯವರು ಹೊರಡಿಸಿದ ಘೋಷಣೆಯಲ್ಲಿ ಕೊಡಗಿನ ಜನರೆಲ್ಲರೂ ಏಕಮತದಿಂದ ಬಯಸಿದ್ದರಿಂದಲೇ ಆ ನಾಡನ್ನು ವಹಿಸಿಕೊಂಡೆವೆಂದು ಹೇಳಿಕೊಂಡಿದ್ದರು. ಏಕಮತವೇ ಆಗಿದ್ದರೆ ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರ ಸುಳ್ಯದ ಸೀಮೆಯಲ್ಲಿ ರೈತರು ಕಂಪನಿಯ ವಿರುದ್ಧ ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿದ್ದೇಕೆ? ಪದಚ್ಯುತನಾದ ಅರಸನ ಕ್ರೌರ್ಯದ ಕಥೆಗಳಲ್ಲಿ ಎಷ್ಟೋ ಅವನ ರಾಜ್ಯವನ್ನು ಕಿತ್ತುಕೊಂಡವರ ಬರಹಗಳಿಂದಲೇ ಬಂದಿವೆ ಎಂಬುದನ್ನೂ ನೆನಪಿನಲ್ಲಿಡಬೇಕು. ಅವನು ನಿರ್ದೋಷಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಸಾಕ್ಷಿ ಹೇಳಿದವನಿಗೆ ಆಸ್ತಿ ದೊರೆತಿದ್ದರೆ ಆ ಸಾಕ್ಷ್ಯವನ್ನು ಎರಡು ಸಲ ತೂಗಬೇಕೆಂಬುದಷ್ಟೇ ಸಿದ್ಧವಾಗುತ್ತದೆ. ಬೋಪಣ್ಣನ ಮೇಲೆ ಮಾಸ್ತಿಯವರಿಗಿರುವ ಸಹಾನುಭೂತಿ ತುಸು ಹೆಚ್ಚಾಯಿತೆಂದು ಓದುಗನಿಗೆ ಅನಿಸಿದರೆ ಅವನು ಹಾಗೆಂದು ಹೇಳಲಿ. ಮಾಸ್ತಿಯವರ ಹಿರಿಮೆ ಅದರಿಂದ ಕುಗ್ಗುವುದಿಲ್ಲ. ಅರಸನಂತೂ ಕಾಶಿಯಲ್ಲಿ ಕೆಲವು ಕಾಲವಿದ್ದು, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋಗಿ, 1859ರಲ್ಲಿ ಲಂಡನ್ ನಗರದಲ್ಲಿ ತೀರಿಕೊಂಡನು. ಕೊಡಗಿನ ಬೆಟ್ಟಗಳಲ್ಲಿ ಬೆಳೆದವನು ಆ ಮಂಜಿನ ನಗರದಲ್ಲಿ ಏನನ್ನು ನೆನೆಯುತ್ತಿದ್ದನೋ!

ಎರಡನೆಯ ಪುಸ್ತಕ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976). ಗಾತ್ರದಲ್ಲಿ ಇದು ಬಹಳ ಚಿಕ್ಕದು. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಮಲೆನಾಡಿನಲ್ಲಿ ನಿಜವಾಗಿ ಬದುಕಿದ್ದ, ನೂರು ವರ್ಷಗಳನ್ನೂ ಮೀರಿ ಬಾಳಿದ ಬಾಲವಿಧವೆಯೊಬ್ಬಳ ಕಥೆಯನ್ನು ಲೇಖಕಿ ತಮ್ಮ ತಾಯಿಯಿಂದ ಕೇಳಿ ತಿಳಿದು ಬರೆದರು. ಮದುವೆಯೆಂದರೇನೆಂದು ತಿಳಿಯುವ ಮೊದಲೇ ಗಂಡ ಸತ್ತ. ಮುಂದೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಆಮೇಲಿನ ಆಯುಷ್ಯವೆಲ್ಲ ಇತರರ ಬಾಣಂತನ, ಇತರರ ಹಬ್ಬ, ಇತರರ ಅಡಿಗೆ. ಫಣಿಯಮ್ಮ ಗೊಣಗುವುದಿಲ್ಲ. ಆಕೆಯ ಮೌನ, ಮಿತಾಹಾರ, ಮೃದು ಮಾತು ಕಂಡವರು ಕೈಮುಗಿಯುತ್ತಾರೆ.

ಓದುಗ ಎಚ್ಚರದಿಂದಿರಬೇಕಾದ ಸ್ಥಳ ಇದೇ. ಕೈಮುಗಿಯುವುದು ಬಹಳ ಸುಲಭ. ಒಂಬತ್ತು ವರ್ಷದ ಹುಡುಗಿಯ ಬಾಳನ್ನು ಕಸಿದುಕೊಂಡ ಸಮಾಜ, ಆಕೆ ಅದನ್ನು ಸಹಿಸಿಕೊಂಡಳೆಂದು ಹೊಗಳಿ, ತನ್ನ ತಪ್ಪನ್ನು ಮರೆತುಬಿಡಬಹುದು. 'ಎಂಥ ಪುಣ್ಯಾತ್ಗಿತ್ತಿ!' ಎಂದು ಕಣ್ಣೊರಸಿಕೊಂಡು ಪುಸ್ತಕ ಮುಚ್ಚಿದವರು ಆ ಹುಡುಗಿಗೆ ಎರಡನೆಯ ಸಲ ಅನ್ಯಾಯ ಮಾಡುತ್ತಾರೆ. ಇಂದಿರಾ ಅವರು ಈ ಅಪಾಯವನ್ನು ಬಲ್ಲವರು. ಆದ್ದರಿಂದಲೇ ಅವರ ಫಣಿಯಮ್ಮ ಮಡಿಯ ಗೆರೆಯನ್ನು ದಾಟಿ, ಸಮಾಜ ಮುಟ್ಟಬಾರದೆಂದು ದೂರವಿಟ್ಟ ಹೆಂಗಸಿನ ಹೆರಿಗೆಗೆ ನೆರವಾಗುತ್ತಾಳೆ. ಕೂದಲು ತೆಗೆಸಲೊಲ್ಲೆನೆಂದು ಹಟ ಹಿಡಿದ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾಳೆ. ತಾನು ಸಹಿಸಿದ್ದನ್ನು ಇನ್ನೊಬ್ಬಳೂ ಸಹಿಸಲಿ ಎನ್ನದಿರುವುದೇ ಆಕೆಯ ದೊಡ್ಡತನ. ಕಷ್ಟಪಟ್ಟು ಬಂದ ಹಿರಿಯರು ಕಿರಿಯರಿಗೂ ಅದೇ ಕಷ್ಟವನ್ನು ವಿಧಿಸುವುದು ಲೋಕದ ಸಾಮಾನ್ಯ ರೀತಿ. ಪ್ರೇಮಾ ಕಾರಂತರು ಇದನ್ನು ಚಲನಚಿತ್ರವನ್ನಾಗಿಯೂ ಮಾಡಿದರು.

ಚಲನಚಿತ್ರದ ಮಾತು ಬಂದಾಗ ತ್ರಿವೇಣಿಯವರ 'ಶರಪಂಜರ' ನೆನಪಾಗದಿರದು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುತ್ತಿದ್ದ ವಯಸ್ಸಿನಲ್ಲಿ ತೀರಿಕೊಂಡ ಈ ಲೇಖಕಿ ಮನಸ್ಸಿನ ಕಾಯಿಲೆಗಳನ್ನು ಕನ್ನಡ ಕಾದಂಬರಿಯೊಳಕ್ಕೆ ತಂದವರಲ್ಲಿ ಪ್ರಮುಖರು. 1971ರ ಚಿತ್ರ ಬಹು ಜನಪ್ರಿಯವಾದದ್ದರಿಂದ ಕಥೆ ತಿಳಿದಿದೆಯೆಂದು ಅನೇಕರು ಪುಸ್ತಕವನ್ನು ಮುಟ್ಟುವುದೇ ಇಲ್ಲ. ಇದು ನಷ್ಟ. ಹೆರಿಗೆಯ ಅನಂತರ ಬುದ್ಧಿಭ್ರಮಣೆಗೆ ಒಳಗಾದ ಕಾವೇರಿ ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳುತ್ತಾಳೆ. ವೈದ್ಯರ ಪಾಲಿಗೆ ಆಕೆ ಗುಣವಾದವಳು. ಮನೆಯವರ, ನೆರೆಯವರ ಪಾಲಿಗೆ ಅಲ್ಲ. ಆಕೆ ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಮೈಗೆ ಜ್ವರ ಬಂದು ಹೋದವರನ್ನು ಯಾರೂ ಹೀಗೆ ನೋಡುವುದಿಲ್ಲ. ಪುಸ್ತಕ ಓದಿ ಕಾವೇರಿಗಾಗಿ ಕಣ್ಣೀರು ಸುರಿಸಿದವರು ತಮ್ಮ ಬೀದಿಯಲ್ಲಿ ಅಂಥ ಕಾಯಿಲೆಯಿಂದ ಎದ್ದು ಬಂದವರನ್ನು ಕಂಡು ಕಿಟಕಿ ಮುಚ್ಚಿದ್ದುಂಟು. ಕಾದಂಬರಿಯ ಪಾತ್ರದ ಮೇಲೆ ತೋರಿದ ದಯೆಗೆ ಏನೂ ಖರ್ಚಿಲ್ಲ. ನೆರೆಮನೆಯವರ ಮೇಲೆ ತೋರಬೇಕಾದ ದಯೆಗೆ ಖರ್ಚಿದೆ.

ಹಾಗಾದರೆ ಕಾದಂಬರಿ ಓದಿ ಪ್ರಯೋಜನವೇನು ಎಂದು ಕೇಳುವವರು ಹಿಂದೆಯೂ ಇದ್ದರು. ಹುಡುಗರು ಪಠ್ಯಪುಸ್ತಕದ ನಡುವೆ ಕಾದಂಬರಿ ಇಟ್ಟುಕೊಂಡು ಓದುವುದನ್ನು ಕಂಡು ಗದರಿಸಿದ ಹಿರಿಯರು ಮಲ್ಲೇಶ್ವರದ ಮನೆ ಮನೆಯಲ್ಲಿದ್ದರು. (ಗದರಿಸಿ ಕಿತ್ತುಕೊಂಡ ಪುಸ್ತಕವನ್ನು ಅವರೇ ರಾತ್ರಿ ಕುಳಿತು ಓದಿ ಮುಗಿಸುತ್ತಿದ್ದರೆಂಬ ಮಾತೂ ಇದೆ.) ಕಾದಂಬರಿ ಓದಿದವರೆಲ್ಲ ಒಳ್ಳೆಯವರಾಗುವುದಿಲ್ಲವೆಂಬುದು ನಿಜ. ಆದರೆ ಓದಿದ್ದರಿಂದ ಒಂದು ತೊಂದರೆಯಂತೂ ಆಗುತ್ತದೆ: ಕಿಟಕಿ ಮುಚ್ಚುವ ಕೈ ಒಂದು ಕ್ಷಣ ತಡೆಯುತ್ತದೆ. ಆ ತೊಂದರೆಯನ್ನು ಕೊಡದ ಪುಸ್ತಕ, ಎಷ್ಟೇ ರಮ್ಯವಾಗಿರಲಿ, ಬಾಡಿಗೆಯ ಹಣಕ್ಕೆ ತಕ್ಕದ್ದಲ್ಲ.

ಕೊನೆಯದು ಶಿವರಾಮ ಕಾರಂತರ 'ಬೆಟ್ಟದ ಜೀವ' (1943). ಇದನ್ನು ಓದಿದ ಕಿರಿಯರು 'ಇದರಲ್ಲಿ ಏನೂ ನಡೆಯುವುದೇ ಇಲ್ಲ' ಎನ್ನುತ್ತಾರೆ. ಆಕ್ಷೇಪಣೆ ಪ್ರಾಮಾಣಿಕವಾದುದು, 'ಚೆನ್ನಾಗಿದೆ' ಎಂಬುದಕ್ಕಿಂತ ಮೇಲು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬನು ಗೋಪಾಲಯ್ಯನೆಂಬ ಮುದುಕನ ಮನೆಗೆ ಬಂದು ಕೆಲವು ದಿನ ನಿಲ್ಲುತ್ತಾನೆ. ಮುದುಕ ಕಾಡು ಕಡಿದು ತೋಟ ಎಬ್ಬಿಸಿದವನು, ಮಾತುಗಾರ, ಬಂದವರಿಗೆ ಉಣಿಸಿ ಸಂತೋಷಪಡುವವನು. ಹೆಂಡತಿ ಶಂಕರಿ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಅತಿಥಿಯನ್ನು ಆ ದಂಪತಿಗಳು ಹೊರಡಲು ಬಿಡುವುದಿಲ್ಲ. ಇನ್ನೊಂದು ದಿನ, ಇನ್ನೊಂದು ದಿನ ಎನ್ನುತ್ತಾರೆ. ಅಷ್ಟೊಂದು ಉಪಚಾರ ಯಾರಿಗಾಗಿ ಕೂಡಿಟ್ಟದ್ದೆಂದು ಓದುಗನಿಗೆ ನಿಧಾನವಾಗಿ ಹೊಳೆಯುತ್ತದೆ. ನಡೆಯುವುದು ಅದು.

ಬಸವನಗುಡಿಯ ಓದುಗನಿಗೆ ಈ ಪುಸ್ತಕ ಕಾಡಿನ ಕಥೆಯಾಗಿ ಉಳಿಯುವುದು ಕಷ್ಟ. ಅವನ ಬೀದಿಯಲ್ಲಿ, ಎರಡು ಮಹಡಿಯ ಹಳೆಯ ಮನೆಗಳಲ್ಲಿ, ಮಕ್ಕಳು ಅಮೆರಿಕೆಯಲ್ಲೋ ಆಸ್ಟ್ರೇಲಿಯದಲ್ಲೋ ನೆಲೆಸಿದ ದಂಪತಿಗಳಿದ್ದಾರೆ. ದೂರವಾಣಿಯಲ್ಲಿ ಮಗನ ಮುಖವನ್ನು ದಿನವೂ ಕಾಣುವ ಅನುಕೂಲ ಅವರಿಗಿದೆ, ಗೋಪಾಲಯ್ಯನಿಗೆ ಅದಿರಲಿಲ್ಲ. ಆದರೂ ಅಂಚೆಯವನೋ, ಕರೆಂಟಿನ ಬಿಲ್ಲು ಕೊಡುವವನೋ ಬಾಗಿಲಿಗೆ ಬಂದರೆ 'ಬಿಸಿಲಲ್ಲಿ ಬಂದಿದ್ದೀಯಪ್ಪ, ಕೂತುಕೊ, ಒಂದು ಲೋಟ ಮಜ್ಜಿಗೆ ಕುಡಿದು ಹೋಗು' ಎಂದು ಒತ್ತಾಯಿಸುತ್ತಾರೆ. ಮೊದಲು ಓದುಗ ಅದನ್ನು ಹಳೆಯ ಕಾಲದವರ ಉಪಚಾರವೆಂದಷ್ಟೇ ತಿಳಿದಿದ್ದ. ಪುಸ್ತಕ ಮುಗಿಸಿದ ಮರುದಿನ ಆ ಮನೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಯಾರೋ ಕರೆದರು. ಅವಸರವಿದ್ದರೂ ಅವನು ಚಪ್ಪಲಿ ಬಿಟ್ಟು ಒಳಗೆ ಹೋದನು.