ಕುದುರೆಯ ಕಾಲು, ಕಸುಬಿನವರ ಕೈ



ನೀಲಗಿರಿಯ ಒಂದು ಕುಟುಂಬದಿಂದ ಪತ್ರ ಬಂದಿದೆ. ಊಟಿಯ ಕೆರೆಯ ಬಳಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಎರಡು ಕುದುರೆಗಳೇ ಆ ಮನೆಯ ಅನ್ನ. ಪತ್ರ ಬರೆದವರು ಮನೆಯ ತಾಯಿ. "ಸ್ವಾಮಿ, ನಮ್ಮ ಮಾವನವರ ಕಾಲದಿಂದಲೂ ಒಬ್ಬರೇ ಬಂದು ಲಾಳ ಹೊಡೆಯುತ್ತಾರೆ. ಮಕ್ಕಳು ಅವರನ್ನು ತಾತ ಅಂತಲೇ ಕರೆಯೋದು. ಕಳೆದ ಎರಡು ಸಲ ಅವರು ಬಂದು ಹೋದ ಮೇಲೆ ಹೆಣ್ಣು ಕುದುರೆ ಮೂರು ದಿನ ಕುಂಟಿತು. ಬೇರೆಯವರನ್ನು ಕರೆಸಿ ಅಂತ ಪಕ್ಕದವರು ಹೇಳುತ್ತಾರೆ. ನಮ್ಮ ಯಜಮಾನರಿಗೆ ಮನಸ್ಸಿಲ್ಲ. ಏಪ್ರಿಲ್, ಮೇ ತಿಂಗಳ ದುಡಿಮೆಯಲ್ಲೇ ಮಕ್ಕಳ ಶಾಲೆಯ ಫೀಸು ಕಟ್ಟಬೇಕು. ಏನು ಮಾಡಲಿ?"

ಇದು ಸಣ್ಣ ಪ್ರಶ್ನೆಯಲ್ಲ. ಒಂದು ಕಡೆ ಬಾಯಿಲ್ಲದ ಪ್ರಾಣಿಯ ನೋವು ಮತ್ತು ಮಕ್ಕಳ ಓದು. ಇನ್ನೊಂದು ಕಡೆ ಮೂರು ತಲೆಮಾರಿನ ನಂಟು ಮತ್ತು ಒಬ್ಬ ಹಿರಿಯರ ಮರ್ಯಾದೆ. ಹಾಗಾಗಿ ಪಶುವೈದ್ಯರೊಬ್ಬರನ್ನು ಕೇಳಿ, ಲಾಳದ ಕಸುಬಿನವರಿಬ್ಬರ ಜತೆ ಕುಳಿತು ಮಾತಾಡಿ ಈ ಸಲದ ಅಂಕಣ ಬರೆಯುತ್ತಿದ್ದೇನೆ.

ತಾಳವಾಡಿ, ಹೊಸೂರು ಕಡೆಯ ನಮ್ಮ ಓದುಗರಿಗೆ ಎತ್ತಿನ ಲಾಳ ಗೊತ್ತು. ಎತ್ತಿನದು ಸೀಳುಗೊರಸು, ಒಂದೊಂದು ಸೀಳಿಗೆ ಒಂದೊಂದು ತಗಡು. ಹಗ್ಗ ಹಾಕಿ ಎತ್ತನ್ನು ಕೆಡವಿ, ಕಾಲು ಕಟ್ಟಿ ಹೊಡೆಯುತ್ತಾರೆ. ಕುದುರೆಯ ಕೆಲಸ ಬೇರೆ. ಅದರದು ಒಂಟಿ ಗೊರಸು, ಅದಕ್ಕೆ ಒಂದೇ ಬಾಗಿದ ಕಬ್ಬಿಣ. ಕುದುರೆ ನಿಂತೇ ಇರುತ್ತದೆ. ಕಸುಬಿನವರು ಬಗ್ಗಿ, ಅದರ ಕಾಲನ್ನು ತಮ್ಮ ತೊಡೆಗಳ ನಡುವೆ ಹಿಡಿದು ಕೆಲಸ ಮಾಡಬೇಕು. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಇವರನ್ನು ನಾಲಬಂದರು ಎನ್ನುತ್ತಾರೆ. 'ನಾಲ್' ಎಂದರೆ ಲಾಳ. ಪಾರಸಿಯ ಮೂಲಕ ಬಂದ ಮಾತು.

ಬ್ರಿಟನ್ನಿನಲ್ಲಿ ಈ ಕಸುಬಿಗೆ 1975ರಲ್ಲಿ ಕಾಯಿದೆಯೇ ಆಯಿತು. ಅಲ್ಲಿ ಹೆಸರು ನೋಂದಾಯಿಸದವರು ಈ ಕಸುಬು ಮಾಡುವಂತಿಲ್ಲ. ನಮ್ಮ ಸೇನೆಯ ರಿಮೌಂಟ್ ಮತ್ತು ವೆಟರಿನರಿ ಕೋರ್ ತನ್ನ ಜನರಿಗೆ ಈ ಕೆಲಸವನ್ನು ಕ್ರಮವಾಗಿ ಕಲಿಸುತ್ತದೆ. ಆದರೆ ನಮ್ಮ ಊರುಗಳಲ್ಲಿ ಇದು ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಬಂದ ವಿದ್ಯೆ. ಸರ್ಟಿಫಿಕೇಟು ನೋಡಿ ಆರಿಸುವ ಹಾಗಿಲ್ಲ. ಕುದುರೆ ಸಾಕಿದವರೇ ಕಣ್ಣು ತೆರೆದು ನೋಡಿ ತಿಳಿಯಬೇಕು.

ಮೊದಲು ಗೊರಸು ಎಂದರೇನು ಎಂದು ತಿಳಿಯೋಣ. ಅದರ ಹೊರಗಿನ ಗೋಡೆ ನಮ್ಮ ಉಗುರಿನಂಥ ಪದಾರ್ಥ. ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರು ಬೆಳೆಯುತ್ತದೆ. ಮುಂಭಾಗದಲ್ಲಿ ಮೇಲಿನಿಂದ ನೆಲದವರೆಗೆ ಪೂರ್ತಿ ಹೊಸದಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಕಾಲೆತ್ತಿ ಅಡಿಭಾಗ ನೋಡಿದರೆ ಗೋಡೆಗೂ ಅಂಗಾಲಿಗೂ ನಡುವೆ ಒಂದು ಬಿಳಿ ಗೆರೆ ಕಾಣುತ್ತದೆ. ಆ ಗೆರೆಯ ಹೊರಗೆ ಜೀವವಿಲ್ಲ, ಮೊಳೆ ಹೊಡೆದರೂ ನೋಯುವುದಿಲ್ಲ. ಒಳಗೆ ರಕ್ತವಿದೆ, ನರವಿದೆ. ಲಾಳದವರ ವಿದ್ಯೆಯೆಲ್ಲ ಈ ಗೆರೆಯ ಆಚೆ ಈಚೆ ಇದೆ ಎಂದರೆ ತಪ್ಪಲ್ಲ. ಹಿಂಬದಿಯಲ್ಲಿ ತ್ರಿಕೋನಾಕಾರದ, ರಬ್ಬರಿನಂಥ ಒಂದು ಭಾಗವಿದೆ. ಹೆಜ್ಜೆಯ ಪೆಟ್ಟನ್ನು ತಾಳಿಕೊಳ್ಳುವುದರಲ್ಲಿ ಅದಕ್ಕೆ ಪಾಲಿದೆ. ಅದನ್ನು ಅಂದಕ್ಕಾಗಿ ಕೊರೆದು ತೆಗೆಯಬಾರದು.

ಇನ್ನು ಒಳ್ಳೆಯ ಕೈಯನ್ನು ಗುರುತಿಸುವುದು ಹೇಗೆ?

ಒಂದು, ಅವರು ಕೆಲಸಕ್ಕೆ ಮೊದಲು ಕುದುರೆಯನ್ನು ನಡೆಸಿ ನೋಡುತ್ತಾರೆಯೇ? ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ಹೋಗಿ ಬಂದರೆ ಯಾವ ಕಾಲು ಓರೆಯಾಗಿ ಊರುತ್ತದೆ ಎಂದು ತಿಳಿದವರಿಗೆ ಗೊತ್ತಾಗುತ್ತದೆ. ಕಿತ್ತ ಹಳೆಯ ಲಾಳವನ್ನೂ ತಿರುಗಿಸಿ ನೋಡುತ್ತಾರೆ. ಒಂದೇ ಮಗ್ಗುಲು ಸವೆದಿದ್ದರೆ ಭಾರ ಆ ಮಗ್ಗುಲಿಗೇ ಬೀಳುತ್ತಿದೆ ಎಂದರ್ಥ. ಬಂದವರೇ ಅರ ಹಿಡಿದು ಉಜ್ಜಲು ತೊಡಗುವವರು ಈ ಓದನ್ನು ಬಿಟ್ಟುಬಿಡುತ್ತಾರೆ.

ಎರಡು, ಅವರು ಲಾಳವನ್ನು ಗೊರಸಿಗೆ ಹೊಂದಿಸುತ್ತಾರೋ, ಗೊರಸನ್ನು ಲಾಳಕ್ಕೆ ಹೊಂದಿಸುತ್ತಾರೋ? ಇದು ದೊಡ್ಡ ಪರೀಕ್ಷೆ. ಚೀಲದಲ್ಲಿ ಇದ್ದ ಅಳತೆಯ ಲಾಳ ಇಟ್ಟು, ಹೊರಗೆ ಉಳಿದ ಗೊರಸನ್ನು ಅರದಿಂದ ಉಜ್ಜಿ ಸಮ ಮಾಡಿದರೆ ನೋಡಲು ಚೆಂದ. ಆದರೆ ಗೋಡೆ ತೆಳುವಾಗಿ, ಮುಂದಿನ ಸಲ ಮೊಳೆಗೆ ಜಾಗ ಸಿಗುವುದಿಲ್ಲ. ಲಾಳ ಹಿಮ್ಮಡಿಗೂ ಆಸರೆ ಕೊಡುವಷ್ಟು ಉದ್ದವಿರಬೇಕು.

ಮೂರು, ಕೆಲಸ ಮುಗಿದ ಮೇಲೆ ಪಕ್ಕದಿಂದ ನೋಡಿ. ಗೊರಸಿನ ಮುಂಭಾಗದ ಇಳಿಜಾರೂ ಅದರ ಮೇಲಿನ, ಗೆಣ್ಣಿನವರೆಗಿನ ಭಾಗದ ಇಳಿಜಾರೂ ಒಂದೇ ಗೆರೆಯಲ್ಲಿರಬೇಕು. ಮುಂತುದಿ ಉದ್ದ ಉಳಿದು ಹಿಮ್ಮಡಿ ತಗ್ಗಿದರೆ ಕಾಲಿನ ಹಿಂದಿನ ಸ್ನಾಯುರಜ್ಜುಗಳಿಗೆ ಎಳೆತ ಬೀಳುತ್ತದೆ. ಮುಂದಿನ ಎರಡು ಕಾಲು ಒಂದಕ್ಕೊಂದು ಹೋಲುತ್ತವೆಯೇ? ಮಡಿಚಿದ ಮೊಳೆಯ ತುದಿಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆಯೇ? ಇದನ್ನೆಲ್ಲ ನೋಡಲು ಪಂಡಿತರಾಗಬೇಕಿಲ್ಲ. ಬಾಗಿಲ ಚೌಕಟ್ಟು ಓರೆಯಾಗಿದ್ದರೆ ಬಡಗಿಯಲ್ಲದವರಿಗೂ ಕಾಣುತ್ತದಲ್ಲ, ಹಾಗೆ.

ನಾಲ್ಕು, ಪ್ರಾಣಿಯ ಜತೆ ಅವರ ನಡತೆ. ಬೆನ್ನು ಸವರಿ, ಮಾತಾಡಿಸಿ, ಕಾಲು ಕೇಳುತ್ತಾರೆಯೇ? ಸುತ್ತಿಗೆಯ ಹಿಡಿಯಿಂದ ಹೊಟ್ಟೆಗೆ ಹೊಡೆಯುತ್ತಾರೆಯೇ? ಅವರ ದನಿ ಕೇಳಿದೊಡನೆ ಕುದುರೆ ನಡುಗುವುದಾದರೆ ಅದನ್ನು ಸಾಕ್ಷಿ ಎಂದೇ ತಿಳಿಯಿರಿ. ಆದರೆ ಅವಸರದ ತೀರ್ಪು ಬೇಡ. ವಯಸ್ಸಾದ ಕುದುರೆಗೆ ಕೀಲುನೋವಿದ್ದರೆ ಯಾರು ಎತ್ತಿದರೂ ಕಾಲು ಕಿತ್ತುಕೊಳ್ಳುತ್ತದೆ. ಮನೆಯವರು ದಿನವೂ ಕಾಲೆತ್ತಿ ಅಭ್ಯಾಸ ಮಾಡಿಸದ ಕುದುರೆ ಕಸುಬಿನವರನ್ನು ಒದೆಯುವುದು ಸಹಜ. ಆ ಒದೆತಕ್ಕೆ ಅವರ ಪಕ್ಕೆಲುಬು ಮುರಿದರೆ ಅವರ ಮನೆಯ ಒಲೆಯೂ ಆರುತ್ತದೆ ಎಂಬುದನ್ನು ಮರೆಯಬಾರದು.

ಐದು, ಕೇಳಿದರೆ ಉತ್ತರ ಕೊಡುತ್ತಾರೆಯೇ? "ಇಲ್ಲಿ ಯಾಕೆ ಹೆಚ್ಚು ತೆಗೆದಿರಿ?" ಎಂದು ಕೇಳಿದಾಗ ಬಲ್ಲವರು ಕಾಲೆತ್ತಿ ತೋರಿಸುತ್ತಾರೆ. "ನಿಮಗೇನು ಗೊತ್ತು?" ಎಂಬುದು ಉತ್ತರವಲ್ಲ.

ಈಗ ಕುಂಟುವ ವಿಷಯ. ಮೊಳೆ ಬಿಳಿ ಗೆರೆಯ ಒಳಗೆ ಹೋದರೆ ಕುದುರೆ ಆಗಲೇ ಕಾಲು ಝಾಡಿಸುತ್ತದೆ. ಒಳಗೆ ಹೋಗದೆ, ಜೀವಭಾಗಕ್ಕೆ ತೀರಾ ಹತ್ತಿರ ಒತ್ತಿದರೆ ಒಂದೆರಡು ದಿನ ಕಳೆದು ಕುಂಟುತ್ತದೆ. ಗೊರಸು ಮುಟ್ಟಿದರೆ ಬಿಸಿ, ಗೆಣ್ಣಿನ ಹಿಂದೆ ನಾಡಿ ಜೋರು, ಕಾಲು ಊರಲು ಹಿಂಜರಿಕೆ ಕಂಡರೆ ಕಾಯಬೇಡಿ. ಪಶುವೈದ್ಯರನ್ನು ಕರೆಸಿ, ಲಾಳದವರಿಗೂ ಹೇಳಿ ಕಳುಹಿಸಿ. ಮೊಳೆ ತೆಗೆಸಿ, ಕೀವು ಕಟ್ಟಿದ್ದರೆ ಹೊರಗೆ ಬಿಡಿಸಬೇಕು. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ. ಆದ್ದರಿಂದ ಅದರ ಲಸಿಕೆ ಹಾಕಿಸಿದ್ದೀರಾ ಎಂಬುದನ್ನು ಇವತ್ತೇ ನೋಡಿಕೊಳ್ಳಿ. ಗಾಯವಾದ ಮೇಲೆ ಕುದುರೆಯನ್ನು ಕೆರೆಯ ಬಳಿಗೆ ಹೊಡೆದುಕೊಂಡು ಹೋಗಬೇಡಿ; ಎರಡು ದಿನದ ಬಾಡಿಗೆಗೆ ಆಸೆಪಟ್ಟರೆ ಇಡೀ ಸೀಸನ್ ಹೋಗಬಹುದು.

ಒಂದು ಸಲ ಹೀಗಾದರೆ ಅದು ಕೈತಪ್ಪು. ಎಷ್ಟೇ ನುರಿತವರಿಗೂ ಆಗುತ್ತದೆ. ಎರಡು ಸಲ, ಅದೂ ಅದೇ ಕಾಲಿಗೆ ಆಗಿದ್ದರೆ ಕಾರಣ ಹುಡುಕಬೇಕು. ಗೊರಸಿನ ಗೋಡೆ ತೆಳುವಾಗಿರಬಹುದು. ವಯಸ್ಸಾದ ತಾತನಿಗೆ ಕಣ್ಣು ಮಂಜಾಗಿರಬಹುದು, ಬಗ್ಗಲು ಸೊಂಟ ಬಿಡದೆ ಇರಬಹುದು. ಅಥವಾ ತಪ್ಪು ಲಾಯದಲ್ಲೂ ಇರಬಹುದು.

ಲಾಯದ ಮಾತು ಮನೆಯವರಿಗೆ. ನೀಲಗಿರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆ, ಅಕ್ಟೋಬರ್, ನವೆಂಬರ್‌ನಲ್ಲಿ ಇನ್ನೊಂದು. ತೇವದಲ್ಲಿ, ಸಗಣಿ ಉಚ್ಚೆಯಲ್ಲಿ ನಿಂತ ಕುದುರೆಯ ಗೊರಸು ಮೆತ್ತಗಾಗುತ್ತದೆ, ಆ ತ್ರಿಕೋನದ ಭಾಗ ಕಪ್ಪಾಗಿ ಕೊಳೆತು ನಾರುತ್ತದೆ. ಮೆತ್ತಗಾದ ಗೋಡೆಯಲ್ಲಿ ಯಾರು ಹೊಡೆದ ಮೊಳೆಯೂ ನಿಲ್ಲದು. ಇದಕ್ಕೆ ಲಾಳದವರನ್ನು ದೂರುವುದು ನ್ಯಾಯವಲ್ಲ. ಹಾಗೆಯೇ ಲಾಳ ಹಾಕಿದ ಕುದುರೆಗೆ ಸಾಮಾನ್ಯವಾಗಿ 4ರಿಂದ 6 ವಾರಕ್ಕೊಮ್ಮೆ ಬಿಚ್ಚಿ, ಕತ್ತರಿಸಿ, ಮತ್ತೆ ಹಾಕಬೇಕು. ಖರ್ಚು ಉಳಿಸಲು ಮೂರು ತಿಂಗಳು ಬಿಟ್ಟರೆ ಗೊರಸು ಬೆಳೆದು ಲಾಳದ ಮೇಲೆ ಚಾಚಿ, ಕಬ್ಬಿಣ ಅಂಗಾಲನ್ನು ಒತ್ತುತ್ತದೆ. ಕರೆಸುವುದು ತಡವಾದದ್ದಕ್ಕೆ ಬಂದವರು ಹೊಣೆಯೇ? ಕತ್ತಲಾದ ಮೇಲೆ ಕೆಸರಿನಲ್ಲಿ ನಿಲ್ಲಿಸಿ "ಬೇಗ ಮುಗಿಸಿ" ಎನ್ನುವವರಿಗೆ ಒಳ್ಳೆಯ ಕೆಲಸ ಕೇಳುವ ಹಕ್ಕಿಲ್ಲ. ಒಣ ಸಮನೆಲ, ಬೆಳಕು, ಕುದುರೆಯನ್ನು ಹಿಡಿಯಲು ಒಬ್ಬರು, ಕೈಗೆ ಆಗಲೇ ಕೂಲಿ: ಇಷ್ಟನ್ನು ನಾವು ಕೊಡಬೇಕು.

ಈ ಕಸುಬಿನವರಿಗೂ ಒಬ್ಬ ಪಾಲಕ ಸಂತರಿದ್ದಾರೆ: ಸಂತ ಎಲಿಜಿಯುಸ್. ಅಕ್ಕಸಾಲಿಗರಾಗಿದ್ದು, ಫ್ರಾಂಕರ ದೊರೆಗಳಿಗೆ ಆಪ್ತರಾಗಿ, ಮುಂದೆ ನೊಯೊನ್ ಪಟ್ಟಣದ ಬಿಷಪರಾದ ಇವರು ತೀರಿಕೊಂಡದ್ದು 660ರಲ್ಲಿ. ಹಬ್ಬ ಡಿಸೆಂಬರ್ 1. ಒಂದು ಸಿಂಹಾಸನಕ್ಕೆಂದು ಕೊಟ್ಟ ಚಿನ್ನದಲ್ಲಿ ಕಳ್ಳತನ ಮಾಡದೆ ಎರಡು ಮಾಡಿಕೊಟ್ಟರಂತೆ. ಹಟಮಾರಿ ಕುದುರೆಯ ಕಾಲನ್ನೇ ಬೇರ್ಪಡಿಸಿ, ಲಾಳ ಹೊಡೆದು, ಮತ್ತೆ ಜೋಡಿಸಿದರೆಂಬುದು ದಂತಕಥೆ. ನಮ್ಮ ತಾತನಿಗೆ ಆ ವರವಿಲ್ಲ. ಜೀವವಿರುವ ಕಾಲಿನ ಮೇಲೇ, ಅದು ಅಲುಗುತ್ತಿರುವಾಗಲೇ ಕೆಲಸ ಮಾಡಬೇಕು.

ಹಾಗಾದರೆ ತಾಯಿ, ಹೀಗೆ ಮಾಡಿ. ಮುಂದಿನ ಸಲ ತಾತ ಬರುವ ದಿನ ಪಶುವೈದ್ಯರನ್ನೂ ಬರಮಾಡಿಕೊಳ್ಳಿ. ಇಬ್ಬರೂ ಸೇರಿ ಆ ಕಾಲನ್ನು ನೋಡಲಿ. ಯಜಮಾನರು ತಾತನ ಜತೆ ಮಾತಾಡಲಿ. ಅದು ಬೇರೆ ಕುದುರೆಯವರ ಎದುರಿಗೆ ಬೇಡ, ಮನೆಯಲ್ಲಿ ಕಾಫಿ ಕೊಟ್ಟು. "ಎರಡು ಸಲ ಕುಂಟಿತು ತಾತ, ಯಾಕಿರಬಹುದು?" ಎಂದು ಕೇಳಲಿ. ಒಳ್ಳೆಯ ಕಸುಬಿನವರಿಗೆ ಈ ಪ್ರಶ್ನೆ ಅವಮಾನವಲ್ಲ. ಅವರೇ ಕಾರಣ ಕಂಡುಹಿಡಿದು ಸರಿಪಡಿಸಿದರೆ, ಎರಡು ಮೂರು ಸರದಿ ನೋಡಿ. ಗೊರಸು ನಿಧಾನವಾಗಿ ಬೆಳೆಯುವುದರಿಂದ ಸುಧಾರಣೆಯೂ ನಿಧಾನವೇ. ಆದರೆ ಕುದುರೆ ಮತ್ತೆ ಕುಂಟಿದರೆ ಆ ಎರಡು ಮೂರು ಸರದಿ ಕಾಯುವ ಮಾತಿಲ್ಲ.

ಕಣ್ಣು, ಸೊಂಟ ಸಹಕರಿಸುತ್ತಿಲ್ಲ ಎಂದು ತಿಳಿದುಬಂದರೆ ಬೇರೆಯವರನ್ನು ಕರೆಸಲೇಬೇಕು. ಅದು ನಂಬಿಕೆದ್ರೋಹವಲ್ಲ. ಹಳೆಯ ನಂಟಿನ ಬೆಲೆಯನ್ನು ಕುದುರೆ ತನ್ನ ಕಾಲಿನಿಂದ ತೆರಬೇಕಾಗಿಲ್ಲ. ತಾತನಿಗೆ ಕೊಡಬೇಕಾದ ಬಾಕಿ ಚುಕ್ತಾ ಮಾಡಿ. ಊರಲ್ಲಿ ಅವರ ಹೆಸರು ಕೆಡಿಸಬೇಡಿ. ಹೊಸಬರು ಬಂದ ದಿನ ತಾತನನ್ನೂ ಕರೆದು ಪಕ್ಕದಲ್ಲಿ ಕೂರಿಸಿ. ಆ ಕುದುರೆಯ ಗುಣ ಅವರಷ್ಟು ಯಾರಿಗೆ ಗೊತ್ತು? ಮಕ್ಕಳು ಅವರನ್ನು ತಾತ ಎಂದು ಕರೆಯುವುದು ಲಾಳಕ್ಕಾಗಿ ಅಲ್ಲವಲ್ಲ.

ಅದುವರೆಗೆ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ದಿನವೂ ಬೆಳಿಗ್ಗೆ ನಾಲ್ಕು ಕಾಲನ್ನೂ ಎತ್ತಿ, ಕಲ್ಲು ಕೆಸರು ತೆಗೆದು, ಮುಟ್ಟಿ ನೋಡಿ. ಮಗನಿಗೂ ಮಗಳಿಗೂ ಕಲಿಸಿ. ಐದು ನಿಮಿಷದ ಕೆಲಸ.